ಡಿಪ್ಲೊಮಾ ಆಯಿತು, ಮುಂದೆ? ಒಂದು ವರ್ಷ ತಡವಾಗಿ ಎಂಜಿನಿಯರಿಂಗ್ ಸೇರಿದ ಹುಡುಗಿಯ ಪ್ರಕರಣ

ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತ, ಪ್ಲೇಸ್‌ಮೆಂಟ್ ಕೆಲಸವನ್ನೂ ನೋಡಿಕೊಳ್ಳುವ ನನ್ನ ಬಳಿ ಪ್ರತಿ ವರ್ಷ ಕೊನೆಯ ಸೆಮಿಸ್ಟರಿನ ಹೊತ್ತಿಗೆ ತಂದೆತಾಯಿಗಳು ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ ಮಾತು: ಒಟ್ಟು ಎಷ್ಟು ಖರ್ಚಾಗುತ್ತದೆ? ಅದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಆದರೆ ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಓದು ನಿಂತದ್ದು ಅಥವಾ ಕೈಸಾಲಕ್ಕೆ ಸಿಕ್ಕಿಬಿದ್ದದ್ದು ಒಟ್ಟು ಮೊತ್ತದಿಂದಲ್ಲ, ಶುಲ್ಕ ಕಟ್ಟುವ ದಿನಕ್ಕೂ ದುಡ್ಡು ಕೈಗೆ ಬರುವ ದಿನಕ್ಕೂ ನಡುವೆ ಇದ್ದ ಅಂತರದಿಂದ. ಸೀಟು ಹಂಚಿಕೆಯಾದರೆ ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟಬೇಕು. ಬ್ಯಾಂಕ್ ಸಾಲ ಮಂಜೂರಾಗಲು ವಾರಗಳು ಬೇಕು. ವಿದ್ಯಾರ್ಥಿವೇತನ ಬರುವುದು ಇನ್ನೂ ಆಮೇಲೆ. ಮೆಕ್ಕೆಜೋಳ ಮಾರಾಟವಾಗುವುದು ದೀಪಾವಳಿಯ ಸುತ್ತಮುತ್ತ. ಈ ನಾಲ್ಕೂ ಒಂದೇ ವಾರದಲ್ಲಿ ಕೂಡಿಬಂದ ಮನೆಯನ್ನು ನಾನು ಕಂಡಿಲ್ಲ.

ಈ ಪ್ರಕರಣವನ್ನು ಬರೆಯಲು ಅದೇ ಕಾರಣ. ಹೆಸರು ಬದಲಿಸಿದ್ದೇನೆ. ಊರು, ಕಾಲೇಜು, ಕಂಪನಿ, ಬ್ಯಾಂಕ್ ಯಾವುದೆಂದು ಹೇಳಿಲ್ಲ, ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಅದಲುಬದಲು ಮಾಡಿದ್ದೇನೆ.

ಹಿನ್ನೆಲೆ

ಹುಡುಗಿಯನ್ನು ರೇಖಾ ಎನ್ನೋಣ. ಹಾವೇರಿ ಸೀಮೆಯ ಹಳ್ಳಿ. ಮೂರು ಎಕರೆ ಮಳೆಯಾಶ್ರಿತ ಹೊಲ, ಬೆಳೆ ಮೆಕ್ಕೆಜೋಳ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ಸ್ವಸಹಾಯ ಸಂಘದ ಸದಸ್ಯೆ. ತಮ್ಮ ಆಗ ಹೈಸ್ಕೂಲಿನಲ್ಲಿದ್ದ. ಎಸ್ಸೆಸ್ಸೆಲ್ಸಿ ಆದ ಮೇಲೆ ರೇಖಾ ಪಿಯುಸಿಗೆ ಹೋಗದೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಸೇರಿದ್ದಳು. ಸರ್ಕಾರಿ ಪಾಲಿಟೆಕ್ನಿಕ್ಕಿನ ಶುಲ್ಕ ಕಡಿಮೆ, ಹಾಸ್ಟೆಲ್ ಸಿಕ್ಕಿತ್ತು. ನಡುವಿನ ವರ್ಷ ಕೊರೊನಾದಲ್ಲಿ ಕಳೆದರೂ 2022ರಲ್ಲಿ ಒಳ್ಳೆಯ ಅಂಕಗಳಿಂದಲೇ ಮುಗಿಸಿದಳು.

ಡಿಪ್ಲೊಮಾ ಓದುವಾಗ ಆ ಮನೆಗೆ ಎರಡು ನೆರವು ತಪ್ಪಿದ್ದವು. ಎರಡಕ್ಕೂ ಕಾರಣ ಬಡತನವಲ್ಲ, ಕಾಗದಪತ್ರ.

ಮೊದಲನೆಯದು ರೈತ ವಿದ್ಯಾನಿಧಿ. 2021ರಲ್ಲಿ ಶುರುವಾದ ಈ ಯೋಜನೆಯಲ್ಲಿ ಡಿಪ್ಲೊಮಾ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 3,000 ರೂ. ಬರುತ್ತದೆ. ಆದರೆ ಅದು ಸಿಗಬೇಕಾದರೆ ತಂದೆಗೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತ ಗುರುತಿನ ಸಂಖ್ಯೆ, ಅಂದರೆ ಎಲ್ಲರೂ ಎಫ್‌ಐಡಿ ಎನ್ನುವುದು, ಇರಬೇಕು. ರೇಖಾಳ ತಂದೆಗೆ ಅದು ಇರಲಿಲ್ಲ. ಹುಟ್ಟಿದಾಗಿನಿಂದ ಹೊಲ ಗೆಯ್ದವರು, ಆದರೆ ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇತ್ತು. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಮಾಡಿಸಿರಲಿಲ್ಲ. ಸರ್ಕಾರದ ದಾಖಲೆಯಲ್ಲಿ ಅವರು ರೈತರೇ ಅಲ್ಲ.

ಎರಡನೆಯದು ದೊಡ್ಡದು. ತಾಂತ್ರಿಕ ಶಿಕ್ಷಣ ಪಡೆಯುವ ಹೆಣ್ಣುಮಕ್ಕಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಕೊಡುವ ಪ್ರಗತಿ ವಿದ್ಯಾರ್ಥಿವೇತನ, ವರ್ಷಕ್ಕೆ 50,000 ರೂ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶ. ಇದಕ್ಕೆ ಅರ್ಜಿ ಹಾಕುವುದು ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ. ನಮ್ಮ ಮಕ್ಕಳಿಗೆ ಗೊತ್ತಿರುವುದು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿ ಒಂದೇ. ಪ್ರಗತಿಗೆ ಕೋರ್ಸಿಗೆ ಸೇರಿದ ವರ್ಷವೇ ಅರ್ಜಿ ಹಾಕಬೇಕು. ರೇಖಾಳಿಗೆ ವಿಷಯ ತಿಳಿದಾಗ ಅವಳು ಎರಡನೇ ವರ್ಷದಲ್ಲಿದ್ದಳು.

ಎದುರಿಗಿದ್ದ ದಾರಿಗಳು

ಕೊನೆಯ ಸೆಮಿಸ್ಟರಿನಲ್ಲಿ ಅವಳಿಗೆ ನಾಲ್ಕು ಕಡೆಯಿಂದ ಕರೆ ಇತ್ತು, ಅಥವಾ ಇದ್ದಂತೆ ಕಾಣುತ್ತಿತ್ತು.

ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿದ್ದ. ಅವನ ಸಲಹೆ ಆರು ತಿಂಗಳ ಫುಲ್ ಸ್ಟ್ಯಾಕ್ ಎಂಬ ಸಾಫ್ಟ್‌ವೇರ್ ಕೋರ್ಸ್. ಶುಲ್ಕ ಲಕ್ಷದ ಮೇಲೆ, 'ನೋ ಕಾಸ್ಟ್ ಇಎಂಐ', ಈಗ ಕೈಯಿಂದ ಏನೂ ಕೊಡಬೇಕಿಲ್ಲ. ಆ ಮಾತಿನ ಕೊನೆಯ ಭಾಗ ಮನೆಯವರಿಗೆ ಹಿಡಿಸಿತ್ತು. ಅವನನ್ನೇ ಕರೆಸಿ ಮಾತಾಡಿದೆ. ಅವನೂ ಅಂಥದೇ ಕೋರ್ಸಿಗೆ ಸೇರಿ ಅರ್ಧಕ್ಕೆ ಬಿಟ್ಟಿದ್ದ. ಕಂತು ಮಾತ್ರ ಪ್ರತಿ ತಿಂಗಳೂ ಕಟ್ಟುತ್ತಿದ್ದ. ಇಂಥ ಕಡೆ ಕೋರ್ಸ್ ಮಾರುವವರೇ ಬೇರೆ, ಸಾಲ ಕೊಡುವ ಹಣಕಾಸು ಸಂಸ್ಥೆಯೇ ಬೇರೆ. ಒಟಿಪಿ ಕೊಟ್ಟ ಕ್ಷಣ ದುಡ್ಡು ಕೋರ್ಸಿನವರ ಖಾತೆಗೆ ಹೋಗುತ್ತದೆ, ಸಾಲ ವಿದ್ಯಾರ್ಥಿಯ ಹೆಸರಿನಲ್ಲಿ ಸಿಬಿಲ್‌ಗೆ, ಅಂದರೆ ಬ್ಯಾಂಕುಗಳು ನೋಡುವ ಸಾಲದ ದಾಖಲೆಗೆ, ಏರುತ್ತದೆ. ಕಂತು ಮುಂದಿನ ತಿಂಗಳೇ ಶುರು. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳುವುದಿಲ್ಲ. ಎರಡನ್ನೂ ಜನ ಸಾಲ ಎಂದೇ ಕರೆಯುತ್ತಾರೆ.

ಇನ್ನೊಬ್ಬರು ಸೀಟು ಕೊಡಿಸುವ ಏಜೆಂಟರು. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ನೇರ ಪ್ರವೇಶ, ಮ್ಯಾನೇಜ್‌ಮೆಂಟ್ ಸೀಟು, ಡೊನೇಷನ್ ಇಲ್ಲ. ವರ್ಷಕ್ಕೆ ಎರಡು ಲಕ್ಷ ಚಿಲ್ಲರೆ. ಕೇಳಿದ ಮೇಲೆ ಸ್ಕಿಲ್ ಫೀ, ಪ್ಲೇಸ್‌ಮೆಂಟ್ ಟ್ರೈನಿಂಗ್ ಫೀ ಎಂದು ಇನ್ನಷ್ಟು ಹೊರಬಿತ್ತು. ಅದಕ್ಕೆ ರಸೀದಿ ಕೊಡುತ್ತೀರಾ ಎಂದರೆ ಉತ್ತರವಿಲ್ಲ. ಈ ದಾರಿಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ.

ಮೂರನೆಯದು ಡಿಸಿಇಟಿ. ಡಿಪ್ಲೊಮಾ ಮುಗಿಸಿದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪರೀಕ್ಷೆ. ರ‍್ಯಾಂಕ್ ಆಧಾರದ ಮೇಲೆ ಬಿಇ ಎರಡನೇ ವರ್ಷಕ್ಕೆ ಸರ್ಕಾರಿ ಕೋಟಾದ ಸೀಟು. ಖಾಸಗಿ ಕಾಲೇಜಾದರೂ ಶುಲ್ಕ ವರ್ಷಕ್ಕೆ ಲಕ್ಷದ ಆಸುಪಾಸು, ಸರ್ಕಾರಿ ಕಾಲೇಜಾದರೆ ಅದಕ್ಕಿಂತ ಎಷ್ಟೋ ಕಡಿಮೆ. ರೇಖಾಳ ಮನಸ್ಸಿದ್ದದ್ದು ಇಲ್ಲಿ.

ನಾಲ್ಕನೆಯದು ಕ್ಯಾಂಪಸ್ ಸಂದರ್ಶನದಲ್ಲಿ ಬಂದ ಕೆಲಸ. ವಾಹನಗಳಿಗೆ ಎಲೆಕ್ಟ್ರಾನಿಕ್ ಬೋರ್ಡ್ ಮಾಡುವ ಕಾರ್ಖಾನೆ. ಇಲ್ಲೂ ಎರಡು ಕವಲು. ಗುತ್ತಿಗೆದಾರರ ಮೂಲಕ ಟ್ರೈನಿಯಾಗಿ ಸೇರಿದರೆ ಕೈಗೆ 15,500 ರೂ. ಅಪ್ರೆಂಟಿಸ್ ಆಗಿ ಸೇರಿದರೆ 12,500 ರೂ., ಜೊತೆಗೆ ಕ್ಯಾಂಟೀನ್ ಊಟ, ಕಂಪನಿ ಬಸ್ಸು.

ತಂದೆ ಅಂದು ಹೇಳಿದ ಮಾತು ಇಡೀ ಸಮಸ್ಯೆಯನ್ನು ಹೇಳುತ್ತಿತ್ತು. "ಸೀಟ್ ಬಂದ್ರ ಸಂತೋಷರಿ ಮೇಡಮ್ರ. ಆದ್ರ ಅವ್ರು ರೊಕ್ಕ ಕಟ್ಟು ಅಂದ ದಿನ ನಮ್ಮ ಗೋಂಜಾಳ ಇನ್ನೂ ಹೊಲದಾಗ ನಿಂತಿರ್ತಾವ. ಅಡತಿ ಅಂಗಡ್ಯಾಗ ತಂದ್ರ ಅವ ಹೇಳಿದ್ದ ರೇಟಿಗೆ ಮಾಲ್ ಹಾಕಬೇಕಾಕ್ಕೈತಿ."

ಅಂದರೆ ಬೆಳೆ ಮಾರಾಟದ ದಲ್ಲಾಳಿಗಳಾದ ಅಡತಿಯವರಿಂದ ಮುಂಗಡ ತಂದ ಸಾಲಕ್ಕೆ ಬಡ್ಡಿಯ ಲೆಕ್ಕ ಕಾಗದದ ಮೇಲೆ ಇರುವುದಿಲ್ಲ, ಬೆಳೆಯ ಬೆಲೆಯಲ್ಲಿ ಇರುತ್ತದೆ.

ಮೊದಲ ಪ್ರಯತ್ನ ಮತ್ತು ಬ್ಯಾಂಕು

ಮೊದಲು ಬ್ಯಾಂಕ್ ಸಾಲವನ್ನೇ ನೆಚ್ಚಿ ಹೊರಟರು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 4 ಲಕ್ಷ ರೂ.ವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡ, ಮಾರ್ಜಿನ್ ಹಣವೂ (ಖರ್ಚಿನಲ್ಲಿ ಮನೆಯವರು ಹಾಕಬೇಕಾದ ಪಾಲು) ಬೇಡ, ತಂದೆ ಅಥವಾ ತಾಯಿ ಜಂಟಿ ಸಾಲಗಾರರಾದರೆ ಸಾಕು. ಹೇಳಲು ಇಷ್ಟು ಸರಳ.

ಊರಿನ ಹತ್ತಿರದ ಶಾಖೆಯಲ್ಲಿ ಕಾಲೇಜು ಇರುವ ಕಡೆ ಹೋಗಿ ಎಂದರು. ಕಾಲೇಜೇ ಇನ್ನೂ ಗೊತ್ತಿರಲಿಲ್ಲ. ಇನ್ನೊಂದು ಶಾಖೆಯಲ್ಲಿ, ನಿಮ್ಮ ಹಳ್ಳಿ ನಮ್ಮ ಸೇವಾ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಸೇವಾ ವ್ಯಾಪ್ತಿಯ ಕಾರಣ ಕೊಟ್ಟು ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಆ ಮಾತನ್ನು ಬರವಣಿಗೆಯಲ್ಲಿ ಇಟ್ಟ ಮೇಲೆ ಅರ್ಜಿ ತೆಗೆದುಕೊಂಡರು. ಆಗ ನಿಜವಾದ ತೊಡಕು ಹೊರಬಂತು. ತಂದೆ ಹಿಂದೊಮ್ಮೆ ಭಾವಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರು. ಅದು ಸುಸ್ತಿಯಾಗಿತ್ತು. ಅವರ ಸಿಬಿಲ್ ಅಂಕ ನೆಲ ಕಚ್ಚಿತ್ತು. ಮನೆಯವರಿಗೆ ಆ ಸಾಲ ಮರೆತೇ ಹೋಗಿತ್ತು.

ಹೀಗೆ ಆ ವರ್ಷದ ಡಿಸಿಇಟಿ ಸೀಟು ಹಂಚಿಕೆ ಹತ್ತಿರ ಬಂದಾಗ ರೇಖಾಳ ಕೈಯಲ್ಲಿ ಇದ್ದದ್ದು ಒಳ್ಳೆಯ ಅಂಕಪಟ್ಟಿ ಮಾತ್ರ. ಸಾಲವಿಲ್ಲ, ಎಫ್‌ಐಡಿ ಇಲ್ಲ, ನಗದು ಇಲ್ಲ.

ತಿರುವು

ಒಂದು ಸಂಜೆ ಅವಳು ನೋಟ್‌ಬುಕ್ಕಿನ ಎರಡು ಪುಟ ತುಂಬ ಲೆಕ್ಕ ಬರೆದುಕೊಂಡು ಬಂದಳು. ಎಡಗಡೆ ದುಡ್ಡು ಹೋಗುವ ತಿಂಗಳು, ಬಲಗಡೆ ಬರುವ ತಿಂಗಳು. ಮೊದಲ ವರ್ಷದ ಆರಂಭದಲ್ಲಿ ಎಡಗಡೆ ಲಕ್ಷದ ಮೇಲೆ, ಬಲಗಡೆ ಸೊನ್ನೆ. ಎರಡನೇ ವರ್ಷದಿಂದ ಎರಡೂ ಕಡೆ ಹೆಚ್ಚುಕಡಿಮೆ ಸರಿತೂಗುತ್ತಿತ್ತು. ಕೊರತೆ ಇದ್ದದ್ದು ಮೂರು ವರ್ಷಕ್ಕೆ ಅಲ್ಲ, ಮೊದಲ ಕೆಲವು ತಿಂಗಳಿಗೆ.

ಅವಳ ನಿರ್ಧಾರ: ಈ ವರ್ಷ ಸೀಟು ಬೇಡ. ಒಂದು ವರ್ಷ ಕೆಲಸ, ಮುಂದಿನ ವರ್ಷ ಡಿಸಿಇಟಿ.

ಮನೆಯಲ್ಲಿ ಇದಕ್ಕೆ ಬಂದ ವಿರೋಧ ಸಣ್ಣದಲ್ಲ. ದುಡಿಮೆಯ ರುಚಿ ಹತ್ತಿದ ಮೇಲೆ ಯಾರು ಓದುತ್ತಾರೆ ಎಂಬುದು ದೊಡ್ಡಪ್ಪನ ವಾದ. ಒಂದು ವರ್ಷ ಕಳೆದರೆ ಸಂಬಂಧ ನೋಡಲು ಶುರು ಮಾಡುತ್ತಾರೆ ಎಂಬುದು ತಾಯಿಯ ಭಯ. ಅದನ್ನು ಅವರು ನನ್ನೊಬ್ಬಳಿಗೇ ಹೇಳಿದರು. ಎರಡೂ ಆಧಾರವಿಲ್ಲದ ಮಾತುಗಳಲ್ಲ. ನನ್ನ ವಿದ್ಯಾರ್ಥಿಗಳಲ್ಲಿ 'ಒಂದು ವರ್ಷ' ಎಂದು ಹೋದವರು ಹಲವರು ವಾಪಸ್ ಬಂದಿಲ್ಲ.

ಇಲ್ಲೇ ಅವಳು 15,500 ರೂ. ಬಿಟ್ಟು 12,500 ರೂ. ಆರಿಸಿಕೊಂಡದ್ದು ಮುಖ್ಯವಾಗುತ್ತದೆ. ತಂದೆಗೆ ಇದು ಹುಚ್ಚಾಟವಾಗಿ ಕಂಡಿತು. ಆದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಡಿಪ್ಲೊಮಾದವರ ತರಬೇತಿ ಒಂದು ವರ್ಷದ ಒಪ್ಪಂದ. ಶುರುವಾಗುವಾಗಲೇ ಮುಗಿಯುವ ದಿನ ಬರೆದಿರುತ್ತದೆ. ಮುಗಿದ ಮೇಲೆ ಚೆನ್ನೈನ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಯ ಪ್ರಮಾಣಪತ್ರ ಸಿಗುತ್ತದೆ. 2019ರಲ್ಲಿ ತಿದ್ದುಪಡಿಯಾದ ನಿಯಮದಂತೆ ಡಿಪ್ಲೊಮಾ ಅಪ್ರೆಂಟಿಸರಿಗೆ ಕನಿಷ್ಠ ಸ್ಟೈಪೆಂಡ್ 8,000 ರೂ. ಇತ್ತು, ಈ ಕಂಪನಿ ಅದಕ್ಕಿಂತ ಹೆಚ್ಚೇ ಕೊಡುತ್ತಿತ್ತು. ಗುತ್ತಿಗೆಯ ಕೆಲಸದಲ್ಲಿ ಇಂಥ ಕೊನೆಯ ದಿನ ಇರುವುದಿಲ್ಲ. ಅಲ್ಲಿ ಬಿಡುವುದಕ್ಕೆ ಪ್ರತಿ ತಿಂಗಳೂ ಹೊಸದಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ವಾಪಸ್ ಬರುವ ದಿನವನ್ನು ಕಾಗದದಲ್ಲಿ ಬರೆಸಿಕೊಳ್ಳಲು ಅವಳು ತಿಂಗಳಿಗೆ 3,000 ರೂ. ತೆತ್ತಳು ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಲೆಕ್ಕವನ್ನೂ ಆಗಲೇ ನೋಡಿದೆವು. ಡಿಪ್ಲೊಮಾದಲ್ಲಿ ತಪ್ಪಿಹೋದ ಪ್ರಗತಿ ಬಿಇಯಲ್ಲಿ ಮತ್ತೆ ತೆರೆಯುತ್ತದೆ, ಏಕೆಂದರೆ ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೆ ಸೇರುವವರೂ ಅರ್ಹರು. ಹಿಂದಿನ ಪರೀಕ್ಷೆಗೂ ಪ್ರವೇಶಕ್ಕೂ ಎರಡು ವರ್ಷಕ್ಕಿಂತ ಹೆಚ್ಚು ಅಂತರ ಇರಬಾರದು ಎಂಬ ನಿಬಂಧನೆ ಇದೆ. ಒಂದು ವರ್ಷ ತಡವಾದರೆ ತೊಂದರೆಯಿಲ್ಲ. ಅವಳು ಮೂರು ವರ್ಷ ದುಡಿದು ಬರುತ್ತೇನೆ ಎಂದಿದ್ದರೆ ಈ ಬಾಗಿಲು ಮುಚ್ಚುತ್ತಿತ್ತು.

ಆ ಒಂದು ವರ್ಷ

ರೇಖಾ ಬೋರ್ಡ್ ಜೋಡಿಸುವ ಎಸ್‌ಎಂಟಿ ಲೈನಿನಲ್ಲಿ ಶುರು ಮಾಡಿದಳು. ಸೋಲ್ಡರ್ ಪೇಸ್ಟ್ ಹಚ್ಚುವುದು, ಬಿಡಿಭಾಗ ಕೂರಿಸುವ ಯಂತ್ರ, ರಿಫ್ಲೋ ಓವನ್, ಕೊನೆಗೆ ಕ್ಯಾಮೆರಾ ತಪಾಸಣೆ. ಅಪ್ರೆಂಟಿಸ್ ಆದ್ದರಿಂದ ಒಂದೇ ಕಡೆ ಕಟ್ಟಿಹಾಕದೆ ವಿಭಾಗದಿಂದ ವಿಭಾಗಕ್ಕೆ ಕಳಿಸುತ್ತಿದ್ದರು. ಕೊನೆಯ ತಿಂಗಳುಗಳು ಟೆಸ್ಟಿಂಗಿನಲ್ಲಿ. ಪಿಜಿಯಲ್ಲಿ ನಾಲ್ವರು ಒಂದೇ ಕೋಣೆ. ರಾತ್ರಿ ಪಾಳಿ ಇಲ್ಲದ ವಾರಗಳಲ್ಲಿ ಗಣಿತ. ವರ್ಷದ ಕೊನೆಗೆ ಖಾತೆಯಲ್ಲಿ 70,000 ರೂ. ಉಳಿದಿತ್ತು. ಇದರಲ್ಲಿ ತಾಯಿಯ ಪಾಲೂ ಇದೆ: ಸಂಬಳವನ್ನು ಮನೆಗೆ ಕಳಿಸು ಎಂದು ಯಾರೂ ಕೇಳದಂತೆ ನೋಡಿಕೊಂಡವರು ಅವರು.

ಅದೇ ಹೊತ್ತಿಗೆ ಊರಿನಲ್ಲಿ ಪೌತಿ ಖಾತೆಯ ಕೆಲಸ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ. ದೊಡ್ಡಪ್ಪ ತಿಂಗಳುಗಟ್ಟಲೆ ಸಹಿ ಹಾಕಲಿಲ್ಲ. ಖಾತೆ ಬದಲಾದರೆ ಹಿಸ್ಸೆಯ ಮಾತು ಬರುತ್ತದೆ ಎಂಬ ಅಳುಕು. ಕೊನೆಗೆ ಮೂವರ ಹೆಸರಿನಲ್ಲಿ ಜಂಟಿ ಖಾತೆ ಎಂದಾದ ಮೇಲೆ ಒಪ್ಪಿದರು. ಆಮೇಲೆ ಎಫ್‌ಐಡಿ ಆಯಿತು. ಸಹಕಾರ ಸಂಘದ ಬಡ್ಡಿಯಿಲ್ಲದ ಬೆಳೆ ಸಾಲಕ್ಕೆ ಅರ್ಜಿ ಹಾಕುವ ಅರ್ಹತೆಯೂ ಅದರೊಂದಿಗೆ ಬಂತು. ನನ್ನ ದೃಷ್ಟಿಯಲ್ಲಿ ಆ ಮನೆಗೆ ಇದೇ ದೊಡ್ಡ ಲಾಭ, ವಿದ್ಯಾನಿಧಿ ಅದರ ಮುಂದೆ ಸಣ್ಣದು.

ಬ್ಯಾಂಕ್ ಕಡತದಲ್ಲಿ ತಂದೆಯ ಬದಲು ತಾಯಿಯನ್ನು ಜಂಟಿ ಸಾಲಗಾರರಾಗಿ ತೋರಿಸುವುದೆಂದು ತೀರ್ಮಾನವಾಯಿತು. ಹೊಲಿಗೆಯ ಆದಾಯಕ್ಕೆ ದಾಖಲೆ ಎಲ್ಲಿ ಎಂದು ಕೇಳಿದಾಗ ಅವರು ಸ್ವಸಹಾಯ ಸಂಘದ ಪಾಸ್‌ಬುಕ್ ಮುಂದಿಟ್ಟರು. ಹಲವು ವರ್ಷಗಳಿಂದ ಒಂದು ವಾರದ ಕಂತೂ ತಪ್ಪಿರಲಿಲ್ಲ.

ಯಾವ ಕಾಲೇಜು?

2023ರ ಡಿಸಿಇಟಿಯಲ್ಲಿ ರೇಖಾಳಿಗೆ ಸಾಧಾರಣಕ್ಕಿಂತ ಮೇಲಿನ ರ‍್ಯಾಂಕ್ ಬಂತು. ಎರಡು ಕಾಲೇಜು ಕೈಗೆಟುಕುವಂತಿದ್ದವು. ಒಂದು ಊರಿಗೆ ಹತ್ತಿರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಇನ್ನೊಂದು ಬೆಂಗಳೂರಿನ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು.

ಇಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ನಿಯಮ ಅಡ್ಡ ಬಂತು. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಿಂದ ಇದೆ. ಆದರೆ 2018ರಿಂದ ಈಚೆಗೆ ಅದು ಗುಣಮಟ್ಟ ಅಳೆಯುವ ಸಂಸ್ಥೆಗಳಾದ ನ್ಯಾಕ್‌ನ ಮಾನ್ಯತೆ ಇರುವ ಕಾಲೇಜಿಗೆ ಅಥವಾ ಎನ್‌ಬಿಎ ಮಾನ್ಯತೆ ಇರುವ ಕೋರ್ಸಿಗೆ ಮಾತ್ರ. ಬೆಂಗಳೂರಿನ ಕಾಲೇಜಿಗೆ ಮಾನ್ಯತೆ ಇತ್ತು, ಸರ್ಕಾರಿ ಕಾಲೇಜಿಗೆ ಆಗ ಇರಲಿಲ್ಲ. ದುಬಾರಿ ಕಾಲೇಜಿನ ಸಾಲಕ್ಕೆ ಬಡ್ಡಿ ಮಾಫಿ, ಅಗ್ಗದ ಕಾಲೇಜಿನ ಸಾಲಕ್ಕೆ ಬಡ್ಡಿ!

ಹಾಗಿದ್ದರೂ ಒಟ್ಟು ಲೆಕ್ಕದಲ್ಲಿ ಸರ್ಕಾರಿ ಕಾಲೇಜೇ ಅಗ್ಗ. ನಾನು ಅದನ್ನೇ ಹೇಳಿದೆ. ಅವಳು ಬೆಂಗಳೂರನ್ನು ಆರಿಸಿಕೊಂಡಳು. ಕಾರಣ ಸ್ಪಷ್ಟವಾಗಿತ್ತು: "ಮೇಡಂ, ಕಂಪನ್ಯಾಗ ಟೆಸ್ಟಿಂಗ್ ಸರ್ ಪ್ರಾಜೆಕ್ಟ್ ಕೊಡ್ತೀನಿ ಅಂದಾರ. ಊರಾಗ ಇದ್ರ ಅವ್ರು ನನ್ನ ಮರೀತಾರ." ಯಾವುದು ಸರಿ ಎಂದು ಇಂದಿಗೂ ನಾನು ನಿರ್ಣಯಿಸಿಲ್ಲ.

ಸೀಟು ಖಚಿತವಾದಾಗ ಮೊದಲ ಆಯ್ಕೆಯನ್ನೇ ಒತ್ತಿದಳು, ಅಂದರೆ ಸೀಟು ಒಪ್ಪಿಗೆ, ಮುಂದಿನ ಸುತ್ತು ಬೇಡ. ಶುಲ್ಕಕ್ಕೆ 70,000 ರೂ. ಅವಳ ಉಳಿತಾಯ, 30,000 ರೂ. ತಾಯಿ ಸಂಘದಿಂದ ತೆಗೆದದ್ದು. ಅಡತಿ ಅಂಗಡಿಗೆ ಹೋಗಬೇಕಾಗಲಿಲ್ಲ. ಬ್ಯಾಂಕ್ ಸಾಲ ಮಂಜೂರಾದದ್ದು ಎರಡು ತಿಂಗಳು ಕಳೆದ ಮೇಲೆ. ಹಿಂದಿನ ವರ್ಷವೇ ಸೇರಿದ್ದರೆ ಆ ಎರಡು ತಿಂಗಳು ಏನಾಗುತ್ತಿತ್ತು ಎಂದು ತಂದೆಯೇ ಒಮ್ಮೆ ಅಂದರು.

ಸೇರಿದ ಮೇಲೆ

ಎಲ್ಲವೂ ನಯವಾಗಿ ನಡೆಯಲಿಲ್ಲ. ಪ್ರಗತಿಯ ಅರ್ಜಿಗೆ ಕಾಲೇಜಿನ ನೋಡಲ್ ಅಧಿಕಾರಿ ಆನ್‌ಲೈನಿನಲ್ಲಿ ಪರಿಶೀಲನೆ ಮುಗಿಸಬೇಕು, ಇಲ್ಲವಾದರೆ ಅರ್ಜಿ ಅಲ್ಲೇ ಸಾಯುತ್ತದೆ. ಕೊನೆಯ ದಿನದವರೆಗೂ ಅವಳು ಅವರ ಕೋಣೆಯ ಮುಂದೆ ನಿಂತಿದ್ದಳು. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವವರಿಗೆ ಪ್ರಗತಿ ಇಲ್ಲ. ಹಾಗಾಗಿ ಎಸ್‌ಎಸ್‌ಪಿಯಲ್ಲಿ ಬರಬಹುದಾಗಿದ್ದನ್ನು ಕೈಬಿಡಬೇಕಾಯಿತು. ಅಷ್ಟು ಕಷ್ಟಪಟ್ಟು ಮಾಡಿಸಿದ ಎಫ್‌ಐಡಿಯಿಂದ ಬಿಇ ಹುಡುಗಿಯರಿಗೆ ಸಿಗುವ 11,000 ರೂ.ಗಳ ವಿದ್ಯಾನಿಧಿ ಅವಳಿಗೆ ಉಪಯೋಗಕ್ಕೆ ಬರಲಿಲ್ಲ. 50,000 ರೂ. ಎದುರು ಅದು ಸುಲಭದ ತೀರ್ಮಾನ, ಆದರೆ ಆಯ್ಕೆಯಾಗುವುದು ಖಚಿತವಿಲ್ಲದಾಗ ಕೈಬಿಡಲು ಧೈರ್ಯ ಬೇಕು.

ಆಯ್ಕೆಯಾದಳು. ದುಡ್ಡು ಮಾತ್ರ ಖಾತೆಗೆ ಬರಲಿಲ್ಲ. ಹುಡುಕಿದಾಗ ತಿಳಿದದ್ದು: ಕಾರ್ಖಾನೆಯ ದಿನಗಳಲ್ಲಿ ಸಿಮ್ ಕೊಳ್ಳುವಾಗ ಅಂಗಡಿಯವನು ಅವಳ ಹೆಸರಿನಲ್ಲಿ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿದ್ದ, ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ಹಣ ಬರಲು ಆಧಾರ್ ಜೋಡಣೆ, ಅದಕ್ಕೆ ಹೋಗಿತ್ತು. ನೇರ ನಗದು ವರ್ಗಾವಣೆ ಕೊನೆಯದಾಗಿ ಸೀಡ್ ಆದ ಖಾತೆಗೆ ಹೋಗುತ್ತದೆ, ಅರ್ಜಿಯಲ್ಲಿ ಯಾವ ಪಾಸ್‌ಬುಕ್ ಲಗತ್ತಿಸಿದ್ದರೂ. ಹಣ ಆ ಖಾತೆಯಲ್ಲಿ ಸುರಕ್ಷಿತವಾಗಿ ಕೂತಿತ್ತು.

ಓದಿನ ಪೆಟ್ಟು ಬೇರೆ. ಲ್ಯಾಟರಲ್ ಎಂಟ್ರಿಯವರು ನೇರ ಮೂರನೇ ಸೆಮಿಸ್ಟರಿಗೆ ಬರುತ್ತಾರೆ. ಪಿಯುಸಿ ಓದಿ ಬಂದವರು ಮೊದಲ ವರ್ಷ ಎರಡು ಗಣಿತ ಪತ್ರಿಕೆ ಮುಗಿಸಿರುತ್ತಾರೆ. ಇವರು ಆ ಕೊರತೆ ತುಂಬಲು ಡಿಪ್ಲೊಮಾ ಗಣಿತ ಎಂದು ಕರೆಯುವ ಹೆಚ್ಚುವರಿ ಪತ್ರಿಕೆ ಮಾಡುತ್ತ, ಅದೇ ಸೆಮಿಸ್ಟರಿನ ಗಣಿತವನ್ನೂ ಬರೆಯಬೇಕು. ಒಂದು ವರ್ಷ ಪುಸ್ತಕದಿಂದ ದೂರವಿದ್ದವಳಿಗೆ ಇದು ಇನ್ನೂ ಬಿಗಿ. ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಫೇಲಾದಳು. ಪ್ರಗತಿ ಮುಂದುವರಿಯಲು ಮುಂದಿನ ತರಗತಿಗೆ ತೇರ್ಗಡೆಯಾಗಬೇಕು. ಹಾಗಾಗಿ ಆ ಒಂದು ಪತ್ರಿಕೆ ಗಣಿತದ ವಿಷಯವಾಗಿ ಉಳಿಯದೆ ಮನೆಯ ಹಣಕಾಸಿನ ವಿಷಯವಾಯಿತು. ಮುಂದಿನ ಅವಕಾಶದಲ್ಲಿ ಪಾಸಾದಳು.

ಅದೇ ಸಮಯದಲ್ಲಿ ಲ್ಯಾಬ್‌ಗಳಲ್ಲಿ ಉಳಿದವರು ಅವಳನ್ನು ಕೇಳಲು ಬರುತ್ತಿದ್ದರು. ಟೆಸ್ಟ್ ಮಾಡುವುದನ್ನು, ದೋಷ ಹುಡುಕುವುದನ್ನು ಅವಳು ಕಾರ್ಖಾನೆಯಲ್ಲಿ ಕಲಿತಿದ್ದಳು. ಆರನೇ ಸೆಮಿಸ್ಟರಿನ ಹೊತ್ತಿಗೆ ಹಳೆಯ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲೇ ಪ್ರಾಜೆಕ್ಟ್ ಸಿಕ್ಕಿತು.

ಈಗಿನ ಸ್ಥಿತಿ

ರೇಖಾ ಬಿಇ ಕೊನೆಯ ವರ್ಷದಲ್ಲಿದ್ದಾಳೆ. ಮಂಜೂರಾದ 3.6 ಲಕ್ಷದ ಬ್ಯಾಂಕ್ ಸಾಲದಲ್ಲಿ ಎತ್ತಿದ್ದು 2.4 ಲಕ್ಷ ರೂ. ಪ್ರಗತಿ ಬಂದಷ್ಟೂ ಸಾಲ ಎತ್ತುವುದನ್ನು ಕಡಿಮೆ ಮಾಡಿದಳು. ಹತ್ತು ವರ್ಷಕ್ಕೆ ಶೇ. 10ರ ಬಡ್ಡಿ ಹಿಡಿದರೆ ತಿಂಗಳ ಕಂತು 3,200 ರೂ. ಸಮೀಪ. ಬಡ್ಡಿ ಸಹಾಯಧನಕ್ಕೆ ಬ್ಯಾಂಕೇ ನೋಡಲ್ ಬ್ಯಾಂಕಾದ ಕೆನರಾ ಬ್ಯಾಂಕಿನ ಮೂಲಕ ಕ್ಲೇಮ್ ಕಳಿಸಬೇಕು. ಅದು ಹೋಗಿದೆಯೇ ಎಂದು ಪ್ರತಿ ವರ್ಷ ಶಾಖೆಗೆ ಹೋಗಿ ಕೇಳಿ, ಸ್ಟೇಟ್‌ಮೆಂಟ್ ತೆಗೆಸಿಕೊಂಡು ಬರುತ್ತಾಳೆ. ಕೇಳದೆ ಬಿಟ್ಟವರ ಖಾತೆಯಲ್ಲಿ ಬಡ್ಡಿ ಏರುತ್ತ ಹೋದದ್ದನ್ನು ನಾನು ಬೇರೆ ಮಕ್ಕಳಲ್ಲಿ ಕಂಡಿದ್ದೇನೆ. ಕಂಪನಿಯವರು ಕೆಲಸದ ಮಾತಾಡಿದ್ದಾರೆ, ಕಾಗದ ಇನ್ನೂ ಬಂದಿಲ್ಲ.

ಇವಳ ದಾರಿ ಎಲ್ಲರಿಗೂ ಹೊಂದುವುದಿಲ್ಲ. ಊರ ಹತ್ತಿರವೇ ಸರ್ಕಾರಿ ಕಾಲೇಜಿನ ಸೀಟು ಸಿಗುವಂತಿದ್ದು, ಮೊದಲ ಕಂತಿಗೆ ಕೈಯಲ್ಲಿ ಹಣವಿದ್ದರೆ ಒಂದು ವರ್ಷ ಕಳೆಯಲು ಕಾರಣವೇ ಇಲ್ಲ. ಮದುವೆಯ ಒತ್ತಡ ಜೋರಾಗಿರುವ ಮನೆಯಲ್ಲಿ ಸಾಲ ಮಾಡಿಯಾದರೂ ಮೊದಲ ವರ್ಷವೇ ಸೇರಿಸಿ ಎಂದೇ ನಾನು ಹೇಳುತ್ತೇನೆ. ಆದರೆ ಈಗ ಪೋಷಕರು ಬಂದಾಗ ಕೋರ್ಸಿನ ಮಾತಿಗೆ ಮೊದಲು ಕೇಳುವ ವಿಷಯಗಳು ಬದಲಾಗಿವೆ: ಪಹಣಿ ಯಾರ ಹೆಸರಿನಲ್ಲಿದೆ, ಯಾರಿಗಾದರೂ ಜಾಮೀನು ಹಾಕಿದ್ದೀರಾ, ಆಧಾರ್ ಯಾವ ಖಾತೆಗೆ ಸೀಡ್ ಆಗಿದೆ. ಇವನ್ನು ಅಂತಿಮ ವರ್ಷದಲ್ಲಿ ಕೇಳಿದರೆ ತಡ. ಹೊಸದಾಗಿ ಸೇರಿದ ಮಕ್ಕಳಿಗೆ ಮೊದಲ ತಿಂಗಳಲ್ಲೇ ಒಂದು ಹಾಳೆ ಕೊಡುತ್ತಿದ್ದೇವೆ, ಹುಡುಗಿಯರ ಹಾಳೆಯಲ್ಲಿ ಪ್ರಗತಿಯ ಕೊನೆಯ ದಿನ ದಪ್ಪ ಅಕ್ಷರದಲ್ಲಿದೆ.

ತಮ್ಮ ಈಗ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ, ಸಿಇಟಿ ಬರೆಯುವ ಆಸೆ. ಎಫ್‌ಐಡಿ ಇರುವುದರಿಂದ ಅವನಿಗೆ ವಿದ್ಯಾನಿಧಿಯ 2,500 ರೂ. ಬರುತ್ತಿದೆ, ಬಿಇ ಸೇರಿದರೆ 10,000 ರೂ. ಆಗುತ್ತದೆ. ಆದರೆ ಪ್ರಗತಿ ಹುಡುಗರಿಗಿಲ್ಲ, ಮಧ್ಯೆ ದುಡಿಯಲು ಡಿಪ್ಲೊಮಾವೂ ಇಲ್ಲ. ಅಕ್ಕ ಬರೆದ ಎರಡು ಪುಟದ ಲೆಕ್ಕವನ್ನು ಅವನು ತನ್ನದಾಗಿ ಮತ್ತೆ ಬರೆದಿದ್ದಾನೆ. ವರ್ಷಕ್ಕೆ 50,000 ರೂ. ಇದ್ದ ಸಾಲು ಇನ್ನೂ ಖಾಲಿ ಇದೆ.